ಹಂಪಮ್ಮನ ಮೋಟರ್ ಸದ್ದು

ಹಂಪಮ್ಮ ನಿದ್ದೆ ಮಾಡುವಾಗ ಅವಳ ಹೊಲಿಗೆ ಯಂತ್ರ ಎಚ್ಚರವಾಗಿರುತ್ತಿತ್ತು. ರಾಯದುರ್ಗದ ಆ ಜೀನ್ಸ್ ಶೆಡ್ಡಿನ ತಗಡು ಮಧ್ಯಾಹ್ನ ಕಾದು ಬೆಂಕಿಯಾದರೆ, ಅವಳು ಪ್ಯಾಂಟುಗಳ ರಾಶಿಯ ಮೇಲೆ ಕೆನ್ನೆಯಿಟ್ಟು ಕಣ್ಣು ಮುಚ್ಚುವಳು. ಮೋಟರ್ ಮಾತ್ರ ಆಫ್ ಮಾಡುತ್ತಿರಲಿಲ್ಲ. ಹಳೆಯ ಮೋಟರುಗಳ ಗುಣವೇ ಅದು. ಹೊಲಿಯಲಿ ಬಿಡಲಿ, ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಲೇ ಇರುತ್ತಿದ್ದವು. ಮುಂದಿನ ಕೋಣೆಯಲ್ಲಿ ಕೂತ ಮಾಲೀಕರಿಗೆ ಆ ಸದ್ದು ಕೇಳಿದರೆ ಕೆಲಸ ನಡೆದಿದೆ ಎಂದೇ ಅರ್ಥ.

ಮಡಕಶಿರದ ಕಡೆಯಿಂದ ಕೆಲಸಕ್ಕೆ ಬಂದ ನನಗೆ ಅವಳ ಪಕ್ಕದ ಯಂತ್ರ ಸಿಕ್ಕಿತು. ಹೆದರಿ ಬಗ್ಗಿಸಿದ ತಲೆ ಎತ್ತದ ನನಗೆ ಅವಳೇ ಮೊದಲ ಪಾಠ ಹೇಳಿದಳು: “ಮೋಟರ್ ಒದರ್ಕೊಂತ ಇರ್ಲಿ, ನೀ ನಡಾ ಸಡ್ಲ ಮಾಡ್ಕೊ. ಯಾರರ ಬಂದ್ರ ನಾ ಚಿವುಟ್ತೀನಿ.” ವರ್ಷಗಟ್ಟಲೆ ಕೂತು ಅವಳದೇ ನಡು ಹೋಗಿತ್ತು. ಆ ಒಂದು ಗಳಿಗೆಯ ವಿಶ್ರಾಂತಿ ಇಲ್ಲದಿದ್ದರೆ ಸಂಜೆ ಎದ್ದು ನಿಲ್ಲಲಾರಳು.

ಅಷ್ಟರಲ್ಲಿ ದಿಲ್ಲಿ ಸರ್ಕಾರದ ಕರೆಂಟ್ ಉಳಿಸುವ ಯೋಜನೆ ನಮ್ಮ ಶೆಡ್ಡಿಗೂ ಬಂತು. ಹಳೆಯವನ್ನು ತೆಗೆದು ಕೂರಿಸಿದ ಹೊಸ ಮೋಟರ್ ಪೆಡಲ್ ತುಳಿದಾಗಷ್ಟೇ ತಿರುಗುತ್ತದೆ. ತುಳಿದ ಕೂಡಲೇ ಅದು ಜಿಗಿದು ಸೂಜಿ ಬೆರಳಿಗೇ ಇಳಿಯುತ್ತದೆಂದು ನಾವು ಯಾರೂ ಹತ್ತಿರ ಹೋಗಲಿಲ್ಲ. ಆಯುಧಪೂಜೆಯ ದಿನ ಮಾಲೀಕರು ಕುಂಕುಮ ಹಚ್ಚಿದ ಯಂತ್ರದ ಮೇಲೆ ಕೈಯಿಟ್ಟು, “ಕರೆಂಟ್ ಬಿಲ್ ಇಳೀಲಿ, ಶೆಡ್ಡಿಗೆಲ್ಲ ಫ್ಯಾನ್ ಹಾಕಸ್ತೀನ್ರಮ್ಮಾ” ಎಂದರು.

ಹಂಪಮ್ಮ ನಂಬಿದಳು. “ಕುಂಕುಮದ ಮ್ಯಾಲೆ ಕೈ ಇಟ್ಟಾರ. ಸುಳ್ಳು ಯಾಕ ಹೇಳ್ತಾರ?” ಎಂದು ನಮ್ಮನ್ನೇ ಗದರಿ, ಎಲ್ಲರಿಗಿಂತ ಮೊದಲು ಹೊಸ ಮೋಟರಿಗೆ ತಾನು ಕೂತಳು. ಅವಳ ಮುಖ ನೋಡಿ ನಾವೂ ಕೂತೆವು.

ಮೋಟರ್ ಒಳ್ಳೆಯದೇ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈಗ ಹಂಪಮ್ಮ ಕೆನ್ನೆಯಿಟ್ಟರೆ ಅವಳ ಯಂತ್ರವೂ ತೆಪ್ಪಗಾಗುತ್ತಿತ್ತು. ಯಾವ ಮೂಲೆ ಸುಮ್ಮನಾಯಿತೆಂದು ಮಾಲೀಕರು ಕೂತಲ್ಲೇ ಹಿಡಿಯತೊಡಗಿದರು.

ಬೇಸಿಗೆಗೆ ಫ್ಯಾನ್ ಬಂತು. ಒಂದೇ ಒಂದು, ಮಾಲೀಕರ ತಲೆಯ ಮೇಲೆ. ಅದರ ಕೆಳಗೆ ಕೂತು ಅವರು ಹಂಪಮ್ಮನನ್ನು ಕರೆಸಿ, “ನಿನ್ನ ಮಿಷನ್ ಭಾಳ ಹೊತ್ತು ಸುಮ್ನಿರ್ತೈತಿ. ನಾಳಿಂದ ಬರಬ್ಯಾಡ” ಎಂದರು.

“ಕುಂಕುಮ ಮುಟ್ಟಿ ಹೇಳಿದ್ರಲ್ರೀ...” ಎಂದಳು ಅವಳು. ಅವರು ಫೋನು ಕೈಗೆತ್ತಿಕೊಂಡರು. ಬಾಗಿಲಲ್ಲಿ ನಿಂತಿದ್ದ ನನಗೆ ಮೈಯೆಲ್ಲ ಉರಿಯಿತು. ನೆನೆದರೆ ಈಗಲೂ ಉರಿಯುತ್ತದೆ.

ಅವಳನ್ನು ಕಡೆಯ ಸಲ ಕಂಡದ್ದು ಬಳ್ಳಾರಿ ಬಸ್ಸಿನಲ್ಲಿ. ಅಲ್ಲಿನ ಒಂದು ಶೆಡ್ಡಿನಲ್ಲಿ ಇನ್ನೂ ಹಳೆಯ ಮೋಟರುಗಳಿವೆಯಂತೆ.

“ಅಲ್ಲೂ ಕುಂಕುಮದ ಮೇಲೆ ಕೈ ಇಕ್ಕಿದ್ರೆ ಏನ್ ಮಾಡ್ತೀಯಕ್ಕಾ?” ಎಂದು ಕಿಟಕಿಯ ಕೆಳಗೆ ನಿಂತು ಕೇಳಿದೆ. ನಗಿಸಬೇಕೆಂದಿದ್ದೆ. ಅವಳು ನಗಲಿಲ್ಲ.

ಅಷ್ಟರಲ್ಲಿ ಡ್ರೈವರ್ ಬಸ್ಸು ಚಾಲೂ ಮಾಡಿದ. ಎಂಜಿನ್ ಗುಂಯ್ ಅಂದದ್ದೇ ತಡ, ಹಂಪಮ್ಮ ಕಿಟಕಿಯ ಸರಳಿಗೆ ಕೆನ್ನೆಯಿಟ್ಟು ಕಣ್ಣು ಮುಚ್ಚಿದಳು.