ತಟ್ಟೆಯ ಅನ್ನ ಕದ್ದ ತೊಮಾಸಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪ್ವೆಬ್ಲಾ ನಗರದ ಬಸ್ ನಿಲ್ದಾಣದ ಹಿಂದಿನ ಮಾರುಕಟ್ಟೆಯಲ್ಲಿ ಮಾಂಸದಂಗಡಿಯವರು ಶಟರ್ ಎತ್ತುವುದು ಬಿಟ್ಟರೆ ಬೇರೆ ಸದ್ದಿಲ್ಲ. ಎಲ್ಲರೂ ಗೌರವದಿಂದ ದೋನ್ಯಾ ಎಂದು ಕರೆಯುವ ಕುಕಾ ಅವರ ಊಟದಂಗಡಿಯ ಮುಂದೆ ಬೋರಲು ಹಾಕಿದ ಸೋಡಾ ಕ್ರೇಟಿನ ಮೇಲೆ ಕೂತು ತೊಮಾಸಾ ಅಡುಗೆಗೆಂದು ಪಾಪಾಸುಕಳ್ಳಿಯ ಮುಳ್ಳು ಹೆರೆಯುತ್ತಿದ್ದಾರೆ. ಕೈಗವಸು ಹಾಕಿಲ್ಲ. ಯಾಕೆಂದು ಕೇಳಿದರೆ ತಲೆ ಎತ್ತುವುದೂ ಇಲ್ಲ.

"ಮುಳ್ಳು ಉಳ್ಕೊಂಡಿದ್ಯೋ ಇಲ್ವೋ ಅಂತ ಕೈಗವಸಿಗೆ ಗೊತ್ತಾಗುತ್ತಾ, ಪೇಪರ್‌ನೋರೇ? ಗಿರಾಕಿ ನಾಲಿಗೆಗೆ ಚುಚ್ಚೋದಕ್ಕಿಂತ ನನ್ನ ಬೆರಳಿಗೆ ಚುಚ್ಲಿ."

ಈ ಅಂಗಡಿಯಲ್ಲಿ ಹೆಸರು ದೋನ್ಯಾ ಕುಕಾ ಅವರದು, ಹೊಗಳಿಕೆಯೂ ಅವರಿಗೇ. ಒಡತಿ ಅವರು, ಒಲೆಯ ಮುಂದೆ ನಿಲ್ಲುವವರೂ ಅವರೇ. ತೊಮಾಸಾ ಬರೀ ಬಡಿಸುವವರು. ಮಧ್ಯಾಹ್ನದ ಊಟವೆಂದರೆ ಮೊದಲು ಶ್ಯಾವಿಗೆ ಸಾರು, ಆಮೇಲೆ ಕೆಂಪನ್ನ, ಒಂದು ಪಲ್ಯವೋ ಮಾಂಸವೋ, ಬೇಯಿಸಿದ ಕಾಳು, ಬಟ್ಟೆಯಲ್ಲಿ ಸುತ್ತಿದ ಬಿಸಿ ತೋರ್ತಿಯಾ ಎಂಬ ಮೆಕ್ಕೆಜೋಳದ ರೊಟ್ಟಿ, ಒಂದು ಲೋಟ ಪಾನಕ. ಖಾಯಂ ಗಿರಾಕಿಗಳಲ್ಲಿ ಬಹಳ ಜನ ಏನು ಬೇಕೆಂದು ಬಾಯಿ ಬಿಡುವುದಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟು, ಬಂದದ್ದನ್ನು ತಿನ್ನುತ್ತಾರೆ. ಹೀಗಾಗಿ ಈ ಬೀದಿಯ ಅರ್ಧ ಜನರ ಹೊಟ್ಟೆಗೆ ಏನು ಇಳಿಯಬೇಕೆಂದು ತೀರ್ಮಾನಿಸುವವರು ತೊಮಾಸಾ, ಮತ್ತು ಅದು ತಿನ್ನುವವರಿಗೇ ಗೊತ್ತಿಲ್ಲ.

ಈ ಬೀದಿಯಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ. ಆದರೂ ಪಥ್ಯ ಎಂಬ ಮಾತು ತೊಮಾಸಾ ಬಾಯಲ್ಲಿ ಬರುವುದಿಲ್ಲ. ಬಂದರೆ ಗಿರಾಕಿ ಎದ್ದು ಎದುರಂಗಡಿಗೆ ಹೋಗುತ್ತಾನೆಂದು ಅವರಿಗೆ ಗೊತ್ತು. ಅದಕ್ಕೆ ಅವರು ಸುಳ್ಳು ಹೇಳುತ್ತಾರೆ, ಅದೂ ಕಣ್ಣು ಮಿಟುಕಿಸದೆ. ದಪ್ಪ ಮೈಯ ಬೀಗದ ರಿಪೇರಿಯವನು ಬಂದು ಕರಿದ ಹಂದಿಚರ್ಮದ ಚಿಚರೋನ್ ಕೇಳಿದರೆ, ಅವನ ಕಿವಿಯ ಹತ್ತಿರ ಬಗ್ಗಿ, "ಅದು ನಿನ್ನೇದು ಕಣಪ್ಪಾ, ಬೇಡ. ಕೋಳಿ ಸಾರು ಈಗ ಇಳ್ಸಿದ್ದು" ಎನ್ನುತ್ತಾರೆ. ಮೊಟ್ಟೆಯಲ್ಲಿ ಅದ್ದಿ ಕರಿದ ತುಂಬು ಮೆಣಸಿನಕಾಯಿ ಬೇಕೆಂದವರಿಗೆ, "ಎಣ್ಣೆ ಕುಡ್ದು ಕೂತಿದೆ, ಸುಟ್ಟ ಮೆಣಸಿನಕಾಯಿ ಕೊಡ್ತೀನಿ" ಎನ್ನುತ್ತಾರೆ. ಹಂದಿ ಕೊಬ್ಬಿನಲ್ಲಿ ಹುರಿದ ಕಾಳಿನ ಬದಲು ಮಡಕೆಯಲ್ಲಿ ಸುಮ್ಮನೆ ಬೆಂದ ಕಾಳು ಬರುತ್ತದೆ. ಪುಂಡಿ ಹೂವಿನ ಪಾನಕ ಎರಡು ಜಾಡಿಯಲ್ಲಿರುತ್ತದೆ. ಹಿಂದಿನ ಜಾಡಿಗೆ ಸಕ್ಕರೆ ಬಿದ್ದಿರುವುದಿಲ್ಲ.

ಒಳಗಿನಿಂದ ದೋನ್ಯಾ ಕುಕಾ ಕಿರುಚುತ್ತಾರೆ. "ಬೆಳಗ್ಗೆ ಎದ್ದು ಮಾಡಿದ ಚಿಚರೋನ್‌ನ ನಿನ್ನೇದು ಅಂತಾಳೆ! ನನ್ನ ಅನ್ನ ತಿಂದು ನನ್ನ ಅಡುಗೇಗೆ ಮಸಿ ಬಳೀತಾಳಲ್ಲ ಇವಳು!"

"ನಿಮ್ಮ ಅನ್ನ ನಾನೆಲ್ಲಿ ತಿಂತೀನಿ, ದೋನ್ಯಾ? ಉಪ್ಪು ಜಾಸ್ತಿ" ಎನ್ನುತ್ತಾರೆ ತೊಮಾಸಾ.

ನಗು ನಿಂತ ಮೇಲೆ ಗಂಡನ ಮಾತು ಬರುತ್ತದೆ. ನಿಕಾನೊರ್ ಗಾರೆ ಕೆಲಸದವರು. ಸಕ್ಕರೆ ಕಾಯಿಲೆ ಏರಿದಾಗ ಆಸ್ಪತ್ರೆಯವರು ಇನ್ಸುಲಿನ್ ಬರೆದುಕೊಟ್ಟರು. ಇನ್ಸುಲಿನ್ ಚುಚ್ಚಿಕೊಂಡರೆ ಕಣ್ಣು ಹೋಗುತ್ತದೆಂದು ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ನಿಕಾನೊರ್ ಹೆದರಿ ಒಮ್ಮೆ ಚುಚ್ಚಿಕೊಂಡರೆ ನಾಲ್ಕು ಬಾರಿ ಬಿಟ್ಟರು. ಕಣ್ಣು ಹೋಯಿತು. ಆಮೇಲೆ ಅವರೂ ಹೋದರು. "ಊರೋರೆಲ್ಲ ಸೂಜಿನೇ ಕಣ್ಣು ತಿಂತು ಅಂದ್ರು. ಸೂಜಿ ಬಿಟ್ಟಿದ್ದು ತಿಂತು. ನಾನು ನೋಡಿದೀನಲ್ಲ" ಎನ್ನುವಾಗ ತೊಮಾಸಾರ ಚಾಕು ನಿಲ್ಲುತ್ತದೆ.

ಮುಳ್ಳು ಹೆರೆದು ಮುಗಿಸಿ, ದನಿ ತಗ್ಗಿಸಿ, ಅವರು ನನಗೊಂದು ಗುಟ್ಟು ಹೇಳುತ್ತಾರೆ. ಸಿಟಿ ಬಸ್ ಓಡಿಸುವ ದೋನ್ ಎವಾರಿಸ್ತೊ ದಿನಾ ಇಲ್ಲೇ ಉಣ್ಣುತ್ತಾರೆ. ಅವರ ಹೆಂಡತಿ ಅಂಪಾರೊ ಒಂದು ದಿನ ಬಂದು ಕೈ ಹಿಡಿದುಕೊಂಡು ಕೇಳಿದ್ದಾರೆ: ಅವರಿಗೆ ಸಕ್ಕರೆ ಕಾಯಿಲೆ, ಮನೆಯಲ್ಲಿ ಅನ್ನ ಕಡಿಮೆ ಹಾಕಿದರೆ ನನ್ನನ್ನು ಗದರುತ್ತಾರೆ, ಇಲ್ಲಾದರೂ ಅವರ ಅನ್ನ ಕಡಿಮೆ ಮಾಡು. ಅಂದಿನಿಂದ ದೋನ್ ಎವಾರಿಸ್ತೊ ಅವರ ತಟ್ಟೆಯಲ್ಲಿ ಕೆಳಗೆ ಸುಟ್ಟ ಪಾಪಾಸುಕಳ್ಳಿ, ಸೀಮೆ ಕುಂಬಳದ ಹೋಳು. ಮೇಲೆ ಮುಚ್ಚುವಷ್ಟು ಮಾತ್ರ ಅನ್ನ. ತೋರ್ತಿಯಾಗಳೂ ಅವರಿಗೆಂದೇ ತಟ್ಟಿದ ಚಿಕ್ಕವು. "ಫೋನ್ ನೋಡ್ಕೊಂಡು ತಿನ್ನೋರಿಗೆ ತಳ ಕಾಣುತ್ತಾ?" ಎಂದು ನಗುತ್ತಾರೆ. ಜಾಣತನ ಮೆಚ್ಚಿ ನಾನೂ ನಗುತ್ತೇನೆ.

ಮಧ್ಯಾಹ್ನ ದೋನ್ ಎವಾರಿಸ್ತೊ ಬರುತ್ತಾರೆ, ಊಟ ಮಾಡುತ್ತಾರೆ. ಬಸ್ಸಿನ ಸರದಿ ಬರುವವರೆಗೆ ಎಂದಿನಂತೆ ಬೀಗದವನ ಜೊತೆ ಡೊಮಿನೊ ಆಡುತ್ತಾ ಕೂರುತ್ತಾರೆ. ಸ್ವಲ್ಪ ಹೊತ್ತಿಗೆ ಅವರ ಆಟ ಕೆಡುತ್ತದೆ. ಐದರ ಪಕ್ಕ ಐದೇ ಬರಬೇಕಾದಲ್ಲಿ ಎರಡು ಇಡುತ್ತಾರೆ. ಬೀಗದವನು ತಿದ್ದಿದರೆ ಅವನ ತಾಯಿಯನ್ನೇ ಎಳೆದು ಬೈಯುತ್ತಾರೆ. ಹೀಗೆ ಬೈಯುವ ಮನುಷ್ಯರಲ್ಲ ಅವರು.

"ಕುಡಿದು ಬಂದಿದಾನೆ" ಎನ್ನುತ್ತಾರೆ ದೋನ್ಯಾ ಕುಕಾ. "ಬಸ್ ಹತ್ತಿಸಬೇಡ್ರಪ್ಪಾ."

ಹೊರಗೆ ಅವರ ಬಸ್ ತುಂಬಿದೆ. ಶಾಲೆ ಬಿಟ್ಟ ಮಕ್ಕಳು, ತರಕಾರಿ ಚೀಲ ಹಿಡಿದ ಹೆಂಗಸರು. ನಿಲ್ದಾಣದವನು ಸೀಟಿ ಊದುತ್ತಾನೆ. ದೋನ್ ಎವಾರಿಸ್ತೊ ಕೀಲಿ ಹಿಡಿದು ಎದ್ದು ನಿಲ್ಲುತ್ತಾರೆ, ಮೇಜಿಗೆ ತಾಗಿ ವಾಲುತ್ತಾರೆ. ಸೆಕೆಯೇ ಇಲ್ಲದ ದಿನ ಅವರ ಅಂಗಿ ಬೆನ್ನಿಗೆ ಅಂಟಿದೆ.

ಇಂಥ ಬೆವರನ್ನು ಗಂಡನ ಮೈಯಲ್ಲಿ ನೋಡಿದ್ದ ತೊಮಾಸಾ ಕೈಯಲ್ಲಿದ್ದ ತಟ್ಟೆಗಳನ್ನು ಹಾಗೇ ಯಾರದೋ ಮೇಜಿನ ಮೇಲಿಟ್ಟು ಓಡಿ ಅಡ್ಡ ನಿಲ್ಲುತ್ತಾರೆ.

"ಸೂಜಿ ಹಾಕ್ಕೊಂಡಿದೀರಾ?"

"ಯಾವ ಸೂಜಿ? ದಾರಿ ಬಿಡು!"

"ದೋನ್ ಎವಾರಿಸ್ತೊ, ಸೂಜಿ ಹಾಕ್ಕೊಂಡ್ರಾ ಇಲ್ವಾ?"

ಅವರು ಸುತ್ತಲೂ ನೋಡುತ್ತಾರೆ, ಬೀಗದವನನ್ನು, ನನ್ನನ್ನು. ಸೂಜಿಯ ಸುದ್ದಿ ಹಬ್ಬಿದರೆ ನಾಳೆಯಿಂದ ಕುರುಡನಾಗುವ ಡ್ರೈವರ್ ಎಂದು ಜನ ಅವರ ಬಸ್ ಹತ್ತುವುದಿಲ್ಲ. ಆದರೂ ಕೊನೆಗೆ, "ಇವತ್ತೇ ಶುರು ಮಾಡಿದ್ದು" ಎನ್ನುತ್ತಾರೆ. ಬಸ್ಸಿನ ಹಿಂದಿನ ಸೀಟಿನಲ್ಲಿ, ಯಾರೂ ನೋಡದಂತೆ ಚುಚ್ಚಿಕೊಂಡು ಊಟಕ್ಕೆ ಬಂದಿದ್ದರು.

ತೊಮಾಸಾ ನನ್ನ ಕೈಯಲ್ಲಿದ್ದ ಒರ್ಚಾತಾ, ಸಕ್ಕರೆ ಸುರಿದು ಮಾಡಿದ ಅಕ್ಕಿಯ ಪಾನಕ, ಕಿತ್ತುಕೊಂಡು ಅವರ ಬಾಯಿಗೆ ಹಿಡಿಯುತ್ತಾರೆ. ದೋನ್ ಎವಾರಿಸ್ತೊ ಹಲ್ಲು ಕಚ್ಚುತ್ತಾರೆ. ಸಕ್ಕರೆ ಬೇಡವೆಂದು ತಿಂಗಳುಗಟ್ಟಲೆ ಹಿಂದಿನ ಜಾಡಿಯ ಪಾನಕ ಕುಡಿಸಿದವರೇ ಈ ತೊಮಾಸಾ.

"ಸಿಹಿ ಕೊಟ್ಟು ಸಾಯಿಸ್ತೀಯಾ?"

"ಕುಡೀರಿ! ನಿಮ್ಮ ತಟ್ಟೇಲಿ ಅನ್ನವೇ ಇರಲಿಲ್ಲ. ನಾನು ಕದ್ದೆ. ದಿನಾ ಕದ್ದೆ. ಸೂಜಿಗೆ ತಿನ್ನೋಕೆ ಏನೂ ಸಿಕ್ಕಿಲ್ಲ, ನಿಮ್ಮನ್ನೇ ತಿಂತಿದೆ. ಮೈಯಲ್ಲಿ ಸಕ್ಕರೆ ಪೂರಾ ಇಳಿದೋಗಿದೆ. ಕುಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ!"

ಅರ್ಧ ಅಂಗಿಯ ಮೇಲೆ ಚೆಲ್ಲುತ್ತದೆ, ಅರ್ಧ ಒಳಗೆ ಹೋಗುತ್ತದೆ. ಬೀಗದವನು ಕೀಲಿ ಕಸಿದು ಹೊರಗೆ ಓಡಿ, ಬಸ್ಸಿನ ಜನರನ್ನು ಇಳಿಸಿ ಬೇರೆ ಬಸ್ಸಿಗೆ ಹತ್ತಿಸುತ್ತಾನೆ. ದೋನ್ಯಾ ಕುಕಾ ಇನ್ನೊಂದು ಲೋಟ ತಂದು ಕೊಡುತ್ತಾರೆ. ನಾವೆಲ್ಲ ಒಬ್ಬ ಮನುಷ್ಯನ ಹಣೆಯ ಬೆವರು ಆರುವುದನ್ನೇ ನೋಡುತ್ತಾ ನಿಲ್ಲುತ್ತೇವೆ. ಬೆವರು ಆರಿ, ಕಣ್ಣು ತಿಳಿಯಾದ ಮೇಲೆ ಅವರು ಮೊದಲು ಕೇಳುವುದು ಇದನ್ನೇ.

"ಅನ್ನ ಕದ್ದೆ ಅಂದ್ಯಲ್ಲ, ಏನದು?"

ತೊಮಾಸಾ ಎಲ್ಲವನ್ನೂ ಹೇಳುತ್ತಾರೆ. ಅಂಪಾರೊ ಹೆಸರನ್ನು ಮಾತ್ರ ಎತ್ತುವುದಿಲ್ಲ. ಆಸ್ಪತ್ರೆಯಲ್ಲಿ ಏನು ತಿನ್ನುತ್ತೀರೆಂದು ಕೇಳಿದಾಗ ದೋನ್ ಎವಾರಿಸ್ತೊ ಅನ್ನ ತುಂಬಿದ ತಟ್ಟೆಯನ್ನು ವರ್ಣಿಸಿದ್ದರು, ತಾನು ತಿನ್ನುತ್ತಿದ್ದೇನೆಂದು ನಂಬಿದ್ದ ತಟ್ಟೆಯನ್ನು. ಸೂಜಿಯ ಪ್ರಮಾಣ ಬರೆದದ್ದು ಆ ಅನ್ನದ ಲೆಕ್ಕಕ್ಕೆ. ಅವರು ಸೂಜಿ ಬಚ್ಚಿಟ್ಟರು, ಇವರು ಅನ್ನ ಬಚ್ಚಿಟ್ಟರು. ಬೆಳಗ್ಗೆ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಗುತ್ತದೆ.

"ನನ್ನ ತಟ್ಟೆಗೆ ಕೈ ಹಾಕೋಕೆ ನೀನ್ಯಾರು?" ಎಂದಷ್ಟೇ ಹೇಳಿ, ಟೋಪಿಯನ್ನೂ ಮರೆತು ಅವರು ಬೀಗದವನ ಹೆಗಲು ಹಿಡಿದು ಆಸ್ಪತ್ರೆಗೆ ಹೊರಡುತ್ತಾರೆ. ತೊಮಾಸಾ ಅಡುಗೆಮನೆಯ ಮೂಲೆಯಲ್ಲಿ ಕೂತು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಾರೆ. "ನಿಕಾನೊರ್‌ನ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಅಂತ ಇವರನ್ನ ಕೊಲ್ಲೋಕೆ ಹೋಗಿದ್ದೆ." ದೋನ್ಯಾ ಕುಕಾ ಏನೂ ಬೈಯದೆ ಅವರ ಬೆನ್ನ ಮೇಲೆ ಕೈಯಿಟ್ಟು ಕೂರುತ್ತಾರೆ.

ಈ ಲೇಖನ ಮುಗಿಸುವ ಮೊದಲು ಮುಂದಿನ ವಾರ ಮತ್ತೆ ಹೋಗುತ್ತೇನೆ. ತೊಮಾಸಾ ಈಗ ಸುಳ್ಳು ಹೇಳುವುದಿಲ್ಲ. ಪ್ರತಿ ಮೇಜಿನ ಮುಂದೆ ನಿಂತು ಕೇಳುತ್ತಾರೆ. ಮಾತ್ರೆಯೋ ಸೂಜಿಯೋ? ಅನ್ನ ಎಷ್ಟು ಹಾಕಲಿ? ಕರಿದದ್ದು ಬೇಕೋ ಸುಟ್ಟದ್ದೋ? ಕೆಲವರು ಸಿಡುಕುತ್ತಾರೆ, ಒಬ್ಬ ಎದ್ದೇ ಹೋಗುತ್ತಾನೆ. ದೋನ್ ಎವಾರಿಸ್ತೊ ಅವರ ಕುರ್ಚಿ ಅಂದಿನಿಂದ ಖಾಲಿ. ಅದನ್ನು ಬೇರೆಯವರಿಗೆ ಕೊಡಲು ತೊಮಾಸಾ ಬಿಡುತ್ತಿಲ್ಲ.

ಊಟದ ಗಲಾಟೆಯ ಮಧ್ಯೆ ದೋನ್ ಎವಾರಿಸ್ತೊ ಬಂದು ಆ ಕುರ್ಚಿಯಲ್ಲಿ ಕೂರುತ್ತಾರೆ. ತೊಮಾಸಾ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಕೇಳಲು ಬಗ್ಗುತ್ತಾರೆ. ಅವರು ಇಡೀ ಅಂಗಡಿಗೆ ಕೇಳುವಂತೆ ಉತ್ತರಿಸುತ್ತಾರೆ.

"ಹೂಂ, ಸೂಜಿ ಹಾಕ್ಕೊಂಡೆ! ಕಣ್ಣೂ ಕಾಣ್ತಿದೆ. ನಿನ್ನ ಮುಖ ಕಾಣ್ತಿದೆಯಲ್ಲ, ಅದೊಂದೇ ಬೇಜಾರು."

ತಟ್ಟೆ ಬರುತ್ತದೆ. ಆಸ್ಪತ್ರೆಯವರು ಹೇಳಿದಷ್ಟು ಅನ್ನ, ಪಕ್ಕದಲ್ಲಿ ಪಾಪಾಸುಕಳ್ಳಿ, ಸುಟ್ಟ ಕೋಳಿ. ದೋನ್ ಎವಾರಿಸ್ತೊ ಫೋನ್ ತೆಗೆಯುವುದಿಲ್ಲ. ಚಮಚದಿಂದ ಅನ್ನವನ್ನು ತಳದವರೆಗೂ ಕೆದಕುತ್ತಾರೆ. ತೋರ್ತಿಯಾ ಸುತ್ತಿದ ಬಟ್ಟೆ ಬಿಚ್ಚಿ, ತೊಮಾಸಾರ ಮುಖವನ್ನೇ ನೋಡುತ್ತಾ, ಅವನ್ನು ಒಂದೊಂದಾಗಿ ಎಣಿಸುತ್ತಾರೆ. ಬೀಗದವನು ಕಿಸಕ್ಕನೆ ನಗುತ್ತಾನೆ.

ಬೇಸರವಾಗಲಿಲ್ಲವೇ ಎಂದು ನಾನು ಮೆಲ್ಲಗೆ ಕೇಳುತ್ತೇನೆ. ತೊಮಾಸಾ ಮುಂದಿನ ಮೇಜಿಗೆ ತಟ್ಟೆ ಎತ್ತಿಕೊಳ್ಳುತ್ತಾ ಹೇಳುತ್ತಾರೆ:

"ಎಣಿಸ್ಲಿ ಬಿಡಿ. ಎಣಿಸೋಕಾದ್ರೂ ಬರ್ತಾರಲ್ಲ."