ನಂಜಿಗೆ ಒಂದು ಎಲೆ

ನನ್ನ ಮೈದುನ ಮುನಿರಾಜುವನ್ನು ಕೊಂದದ್ದು ನನ್ನ ತಂಗಿ ನಂಜಿ. ಡಾಕ್ಟರು ಹಾರ್ಟ್ ಅಟ್ಯಾಕ್ ಅಂದರು. ಅನ್ನಲಿ, ಅವರ ಕೆಲಸ ಅದು. ನಂಜಿ ಹೋಗಿ ನಲವತ್ತು ವರ್ಷದ ಮೇಲಾಯಿತು, ಅವಳು ಹೇಗೆ ಕೊಂದಾಳು ಅಂತ ನನ್ನ ಸೊಸೆಯೇ ಕೇಳುತ್ತಾಳೆ. ಹೇಗೆ ಅಂತ ನನಗೂ ಗೊತ್ತಿಲ್ಲ. ಕೊಂದದ್ದಂತೂ ನಿಜ. ಬಾಗಿಲಿನ ಈಚೆಗೆ ನಾನೇ ಕೂತಿದ್ದೆ.

ನಮ್ಮ ಊರು ನಾಗಸಂದ್ರ ಮೆಟ್ರೊದಿಂದ ಒಳಕ್ಕೆ, ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಇದೆ. ಊರು ಅನ್ನುವುದು ಬಾಯಿಮಾತಿಗೆ. ಹೊಲವಿದ್ದ ಕಡೆಯೆಲ್ಲ ಈಗ ಬಾಡಿಗೆ ಮನೆಗಳು. ನನ್ನ ಮನೆಯ ಮೇಲಿನ ರೂಮಿನಲ್ಲಿ ಇಬ್ಬರು ಹುಡುಗರಿದ್ದರು, ಯೇಸುವಿನ ಮಾತು ಹೇಳಲು ಬಂದವರು. ಒಬ್ಬ ಲೂಕಾಸ್, ಬ್ರೆಜಿಲ್ ಅನ್ನುವ ದೇಶದವನು. ಇನ್ನೂ ಸರಿಯಾಗಿ ಮೀಸೆ ಬಂದಿರಲಿಲ್ಲ. ಇನ್ನೊಬ್ಬ ದಾನಿಯೇಲು, ಆಂಧ್ರದವನು.

ಬೆಳಕು ಹರಿಯುವ ಮುಂಚೆ ಎದ್ದು ತಾರಸಿಯ ಮೇಲೆ ದಂಡ ಹೊಡೆಯುತ್ತಿದ್ದರು. ಆಮೇಲೆ ಓದು, ಆಮೇಲೆ ಬಿಳಿ ಶರ್ಟಿಗೆ ಇಸ್ತ್ರಿ, ಎದೆಗೊಂದು ಹೆಸರಿನ ಪಟ್ಟಿ. ದಿನವಿಡೀ ಬಿಸಿಲಲ್ಲಿ ನಡೆದು ಮನೆಮನೆ ಬಾಗಿಲು ತಟ್ಟುವುದು. ವಾರಕ್ಕೊಂದು ಸಲ ಲೂಕಾಸ್ ಫೋನಿನಲ್ಲಿ ಅವನ ಅಮ್ಮನ ಮುಖ ನೋಡಿ ಅಳುತ್ತಿದ್ದ. ಕೆಳಗಿಳಿದು ಬಂದಾಗ ಕಣ್ಣಿಗೆ ಧೂಳು ಬಿತ್ತು ಅನ್ನುತ್ತಿದ್ದ.

ಅವರಿಗೆ ಎರಡು ಕಟ್ಟುಪಾಡು. ಒಬ್ಬರನ್ನೊಬ್ಬರು ಬಿಟ್ಟು ಎಲ್ಲಿಗೂ ಹೋಗುವಂತಿಲ್ಲ. ಒಂಟಿ ಹೆಂಗಸಿರುವ ಮನೆಯೊಳಗೆ ಕಾಲಿಡುವಂತಿಲ್ಲ. ಇನ್ನೊಂದು ಅಭ್ಯಾಸವೂ ಇತ್ತು. ಯಾರೇ ಎದುರಾಗಲಿ, ಲೂಕಾಸ್ ಪುಸ್ತಕದ ಕನ್ನಡದಲ್ಲಿ ಕೇಳುತ್ತಿದ್ದ, "ನಾನು ನಿಮಗೆ ಏನಾದರೂ ಸಹಾಯ ಮಾಡಬಹುದೇ?" ನಮ್ಮ ಜನ ಬಿಡುತ್ತಾರಾ? ಮೂರನೇ ಮಹಡಿಗೆ ಗ್ಯಾಸ್ ಸಿಲಿಂಡರ್ ಹೊರಿಸಿದರು, ಕೆಟ್ಟು ನಿಂತ ಆಟೊ ತಳ್ಳಿಸಿದರು. ಮಾತು ಮಾತ್ರ ಯಾರೂ ಕೇಳಲಿಲ್ಲ.

"ನಿಮ್ಮ ದ್ಯಾವ್ರು ನಿಮಗೆ, ನಮ್ಮ ಮುನೇಶ್ವರ ನಮಗೆ. ಬಾ, ಮುದ್ದೆ ಉಣ್ಣು," ಅಂತ ಮೊದಲ ದಿನವೇ ಲೂಕಾಸನಿಗೆ ಹೇಳಿದ್ದೆ. ಉಂಡಿದ್ದ. ಮುದ್ದೆಯನ್ನು ಅಗಿದಿದ್ದ, ಪಾಪ.

ಈಗ ನಂಜಿಯ ವಿಷಯ. ಅಕ್ಕತಂಗಿಯರನ್ನು ಒಂದೇ ಮನೆಗೆ ಕೊಟ್ಟಿದ್ದರು, ನನ್ನನ್ನು ಅಣ್ಣನಿಗೆ, ಅವಳನ್ನು ತಮ್ಮ ಮುನಿರಾಜುವಿಗೆ. ಮಕ್ಕಳಾಗಲಿಲ್ಲ ಅಂತ ಅವನು ಅವಳನ್ನು ಹೊಡೆಯುತ್ತಿದ್ದ. ನಾನು ಹೆರಿಗೆಗೆ ತವರಿಗೆ ಹೋಗಿ ಮಗು ಎತ್ತಿಕೊಂಡು ವಾಪಸ್ ಬರುವಷ್ಟರಲ್ಲಿ ನಂಜಿ ಇರಲಿಲ್ಲ. ಕಾರ್ಖಾನೆಯ ಯಾವನ ಜೊತೆಯೋ ಓಡಿಹೋದಳು ಅಂದ ಮುನಿರಾಜು. ಅವನ ಹಿತ್ತಲಿನ ಬಾವಿಗೆ ಹೊಸದಾಗಿ ಕಲ್ಲುಚಪ್ಪಡಿ ಬಿದ್ದಿತ್ತು. ಮಕ್ಕಳು ಬಿದ್ದಾರು ಅಂತ ಮುಚ್ಚಿದೆ ಅಂದ. ಗಂಡ ಹೆಂಡತಿ ಇಬ್ಬರೇ ಇದ್ದ ಆ ಮನೆಯಲ್ಲಿ ಯಾವ ಮಕ್ಕಳಿದ್ದವು?

ತೆಗೆಸಿ ನೋಡಿ ಅಂದೆ. ನನ್ನ ಗಂಡ ತಮ್ಮನ ಮಾತನ್ನೇ ನಂಬಿದ. ಮುನಿರಾಜು ವರ್ಷದೊಳಗೆ ಇನ್ನೊಂದು ಮದುವೆಯಾದ.

ಅಲ್ಲಿಂದಾಚೆ ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ನನಗೂ ಅವನಿಗೂ ಒಂದೇ ಜಗಳ. ಅವತ್ತು ನಮ್ಮಲ್ಲಿ ಸತ್ತವರಿಗೆ ಎಡೆ ಇಡುತ್ತೇವೆ, ಒಬ್ಬೊಬ್ಬರಿಗೂ ಒಂದೊಂದು ಬಾಳೆ ಎಲೆ. ನಂಜಿಗೆ ಎಲೆ ಹಾಕಲು ಅವನು ಬಿಡಲಿಲ್ಲ. ಸತ್ತಿದ್ದಾಳೆ ಅಂತ ಒಪ್ಪಿದರೆ ತಾನೇ ಎಲೆ?

ಮುನಿರಾಜು ಸತ್ತ ಅಮಾವಾಸ್ಯೆಯ ಸಂಜೆ, ದೀಪ ಹಚ್ಚುವ ಹೊತ್ತು. ಮುನಿರಾಜುವಿನ ಎರಡನೇ ಹೆಂಡತಿಯೂ ತೀರಿಕೊಂಡಿದ್ದಳು, ಮಗ ಮಹದೇವಪುರದಲ್ಲಿದ್ದ. ಅವನ ಮನೆ ನನ್ನ ಮನೆಯ ಪಕ್ಕದ್ದೇ. ನಾನೇ ಹೋಗಿ ಅಡುಗೆ ಮಾಡಿ ನಡುಮನೆಯಲ್ಲಿ ಬಡಿಸಿದೆ. ಮಾವ, ಅತ್ತೆ, ತೀರಿಹೋದ ನನ್ನ ಗಂಡ, ಮುನಿರಾಜುವಿನ ಎರಡನೇ ಹೆಂಡತಿ, ನಾಲ್ಕು ಎಲೆ. ಮಾವನ ಎಲೆಯ ಪಕ್ಕ ಬ್ರಾಂದಿ, ಬೀಡಿ. ಐದನೆಯ ಎಲೆಗೆ ಕೈ ಹಾಕಿದೆ.

"ಅತ್ತಿಗೆ, ಮಡಗು ಅದನ್ನ," ಅಂದ.

"ಒಂದೆಲೆಗೆ ನಿನ್ ಗಂಟೇನ್ ಓಗ್ತದೆ?"

"ಓಡೋದೋಳ್ಗೆ ಯಾವ ಎಡೆ? ಎಲ್ಲೋ ಮೊಮ್ಮಕ್ಕಳನ್ನ ಆಡಿಸ್ಕೊಂಡು ಮಜವಾಗವ್ಳೆ. ಬದುಕಿರೋರ್ಗೆ ಎಡೆ ಇಟ್ರೆ ಮನೆಗೆ ಕೇಡು."

"ಬದುಕವ್ಳೆ ಅಂತ ಈ ದೀಪ ಮುಟ್ಟಿ ಯೋಳು ಮತ್ತೆ."

ಮುಟ್ಟಲಿಲ್ಲ. ಹಲ್ಲುಕಿರಿದ. "ವಯಸ್ಸಾಯ್ತು, ಬಾಯಿ ಮಾತ್ರ ಅಂಗೇ ಐತೆ ನಿಂದು. ಅತ್ಲಾಗ್ ನಡಿ, ಬಾಗ್ಲಾಕಣ."

ಎಡೆ ಇಟ್ಟಮೇಲೆ ಬಾಗಿಲು ಹಾಕಿ ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಉಂಡು ಹೋಗುವ ಹೊತ್ತು ಅದು. ಆಮೇಲೆ ಮೂರು ಸಲ ತಟ್ಟಿ, ಬರುತ್ತೀವಿ ಅಂತ ಕೂಗಿ, ಬಾಗಿಲು ತೆಗೆಯಬೇಕು. ತಟ್ಟದೆ ತೆಗೆಯುವಂತಿಲ್ಲ. ಅವನು ಹಿಂಬಾಗಿಲಿಗೆ ಚಿಲಕ ಹಾಕಿ ಬಂದ. ಮುಂಬಾಗಿಲು ಎಳೆದುಕೊಂಡು ಇಬ್ಬರೂ ಮೆಟ್ಟಿಲ ಮೇಲೆ ಕೂತೆವು.

ಆಗ ಬಂದರು ಹುಡುಗರು, ಹಿತ್ತಲ ಓಣಿಯಿಂದ.

ಲೂಕಾಸನ ಅಂಗೈ ತರಚಿತ್ತು. ಬಿಳಿ ಶರ್ಟಿನ ತುಂಬ ಹಸಿರು ಪಾಚಿ. ಎಡಭುಜದ ಮೇಲೆ ಐದು ಬೆರಳಿನ ಅಚ್ಚು ಎದ್ದು ಕಾಣುತ್ತಿತ್ತು.

"ಏನೋ ಇದು ಅವತಾರ? ಎಲ್ ಬಿದ್ಯೋ?" ಅಂದೆ.

"ಬೀಳಲಿಲ್ಲ, ಅಜ್ಜಿಯವರೇ," ನಗುತ್ತಾ ಅಂದ. "ನಾವು ಸಹಾಯ ಮಾಡಿದೆವು. ಒಬ್ಬ ಅಮ್ಮ, ಕಲ್ಲು ಭಾರವಾಗಿದೆ, ಸರಿಸಿಕೊಡಿ ಅಂದರು. ಕಬ್ಬಿಣದ ಹಾರೆ ಇತ್ತು. ಸರಿಸಿದೆವು."

"ಯಾವ್ ಕಲ್ಲು?"

"ಬಾವಿಯ ಕಲ್ಲು."

ಮುನಿರಾಜು ಎದ್ದು ನಿಂತ. "ಯಾರ್ನ ಕೇಳಿ ಎತ್ತಿದ್ರೋ ಬೋಳಿಮಕ್ಳಾ?"

"ಕ್ಷಮಿಸಿ ಸಾರ್. ನಿಮ್ಮ ಮನೆಯ ಅಮ್ಮನೇ ಹೇಳಿದರು."

"ನಮ್ಮನೇಲಿ ಯಾವ ಅಮ್ಮ ಅವ್ಳೋ?"

ದಾನಿಯೇಲು ನನ್ನ ಹತ್ತಿರ ಸರಿದು ಮೆಲ್ಲಗೆ ಅಂದ, "ಅಜ್ಜಿ, ನಾನು ಬೇಡ ಅಂದೆ, ಇವನು ಕೇಳಲಿಲ್ಲ. ಹಸಿರು ಸೀರೆ, ಕೆಂಪು ಅಂಚು. ತಲೆಗೂದಲೆಲ್ಲ ಒದ್ದೆ."

ಆ ಸೀರೆ ನಮ್ಮವ್ವ ಇಬ್ಬರಿಗೂ ಒಂದೇ ಥರದ್ದು ತಂದಿದ್ದು. ನನ್ನದು ಇವತ್ತಿಗೂ ಟ್ರಂಕಿನಲ್ಲಿದೆ.

"ಚಿಕ್ಕ ವಯಸ್ಸಿನೋಳಾ?" ಅಂದೆ.

"ಇಲ್ಲ ಅಜ್ಜಿಯವರೇ," ಅಂದ ಲೂಕಾಸ್. "ನಿಮ್ಮ ಹಾಗೆಯೇ. ಕೂದಲು ಬೆಳ್ಳಗೆ. ನನ್ನ ಭುಜ ಮುಟ್ಟಿ ಆಶೀರ್ವಾದ ಮಾಡಿದರು. ಒಳಗೆ ಬಾ, ಊಟ ಮಾಡು ಅಂದರು. ಅವರು ಒಬ್ಬರೇ ಇದ್ದರು, ಅದಕ್ಕೆ ನಾವು ಹೋಗಲಿಲ್ಲ. ಮತ್ತೆ... ನಿಮಗೆ ಒಂದು ಮಾತು ಹೇಳಿದರು."

"ಏನಂದ್ಲು?"

ಅವನು ಪಾಠ ಒಪ್ಪಿಸುವಂತೆ ನಿಧಾನವಾಗಿ ಹೇಳಿದ. "ಅಕ್ಕಯ್ಯಂಗೆ ಯೋಳಪ್ಪ, ಇವತ್ತು ನಂಗೂ ಒಂದೆಲೆ ಆಕ್ಲಿ."

ನನ್ನನ್ನು ಅಕ್ಕಯ್ಯ ಅನ್ನುತ್ತಿದ್ದವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

"ಈಗೆಲ್ಲವ್ಳೆ?" ಮುನಿರಾಜುವಿನ ದನಿ ಒಡೆದಿತ್ತು.

ಲೂಕಾಸ್ ನಮ್ಮ ಹಿಂದಿದ್ದ ಬಾಗಿಲು ತೋರಿಸಿದ. "ಹಿಂದಿನ ಬಾಗಿಲಿನಿಂದ ಒಳಗೆ ಹೋದರಲ್ಲ..."

ಅದೇ ಹೊತ್ತಿಗೆ ಕರೆಂಟು ಹೋಯಿತು. ಓಣಿಯಾಚೆಯ ಕಾರ್ಖಾನೆಯಲ್ಲಿ ಹಗಲೂ ರಾತ್ರಿ ಢಬ್ ಢಬ್ ಅನ್ನುತ್ತಿದ್ದ ಪ್ರೆಸ್ ಯಂತ್ರ ನಿಂತಿತು. ಆ ಸದ್ದಿಲ್ಲದ ಊರನ್ನು ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಆಗ ಒಳಗಿನಿಂದ ಬಂತು...

ಬಳೆಯ ಸದ್ದು. ನೆಲದ ಮೇಲೆ ಬಾಳೆ ಎಲೆ ಎಳೆಯುವ ಸದ್ದು. ಎಲೆಗೆ ನೀರು ಚಿಮುಕಿಸಿ ಕೈಯಲ್ಲಿ ಒರೆಸುವ ಸದ್ದು. ಬಾಗಿಲಿನ ಸಂದಿಯಿಂದ ವಾಸನೆ ಬಂತು. ಮಾಂಸದ ಸಾರಿನದಲ್ಲ. ಹಳೇ ಬಾವಿಯದು.

"ಯಾವಳೋ ಕಳ್ಳಿ ನುಗ್ಗವ್ಳೆ," ಅಂದ ಮುನಿರಾಜು. ಹುಡುಗರ ಮುಂದೆ, ನನ್ನ ಮುಂದೆ, ಗಂಡಸುತನ ತೋರಿಸಬೇಕಲ್ಲ.

"ತಟ್ಟಿ ತೆಗಿ," ಅಂದೆ. ಅಷ್ಟು ಹೇಳಿದ್ದೇ ಹೆಚ್ಚು.

ತಟ್ಟಲಿಲ್ಲ. ಒದ್ದು ತೆಗೆದು ಒಳಗೆ ಹೋದ. ಬಾಗಿಲು ತಾನಾಗೇ ಮುಚ್ಚಿಕೊಂಡಿತು. ಜೋರಾಗಿಯೂ ಅಲ್ಲ. ನಂಟರನ್ನು ಒಳಗೆ ಕರೆದುಕೊಂಡು ಮೆಲ್ಲಗೆ ಹಾಕಿಕೊಳ್ಳುತ್ತಾರಲ್ಲ, ಹಾಗೆ.

ಆಮೇಲೆ ಒಳಗಿನಿಂದ ಅವನ ದನಿ...

"ಅತ್ತಿಗೆ."

ನಾನು ಮೆಟ್ಟಿಲ ಮೇಲೆ ಕೂತೇ ಇದ್ದೆ.

"ಅತ್ತಿಗೆ, ಬಾಗ್ಲು ತೆಗಿ. ಅತ್ತಿಗೇ..."

ಲೂಕಾಸ್ ಬಾಗಿಲ ಕಡೆ ನುಗ್ಗಿದ. ಅವನ ಮಣಿಕಟ್ಟು ಹಿಡಿದುಕೊಂಡೆ. ರಾಗಿ ಬೀಸಿದ ಕೈ ನನ್ನದು, ಆ ಪ್ರಾಯದ ಹುಡುಗನಿಗೆ ಬಿಡಿಸಿಕೊಳ್ಳಲು ಆಗಲಿಲ್ಲ.

"ಅವರು ಕರೆಯುತ್ತಿದ್ದಾರೆ! ಸಹಾಯ ಮಾಡಬೇಕು!"

"ಇವತ್ತು ಯಾರ್ಗೂ ಸಹಾಯ ಮಾಡ್ಬ್ಯಾಡ ಕಣೋ. ಕೂತ್ಕೊ."

"ಅಜ್ಜಿಯವರೇ, ಅವರು ಸಾಯಬಹುದು!"

"ಕೂತ್ಕೊ ಅಂದೆ."

ಒಳಗೆ ಮುನಿರಾಜು ನನ್ನನ್ನು ಕರೆಯುವುದು ಬಿಟ್ಟ. ಬೇರೆ ಯಾರ ಜೊತೆಯೋ ಮಾತಾಡುತ್ತಿದ್ದ, ಮಕ್ಕಳು ಹೊಡೆತ ತಪ್ಪಿಸಿಕೊಳ್ಳಲು ಗೋಗರೆಯುತ್ತವಲ್ಲ, ಆ ದನಿಯಲ್ಲಿ.

"ಒಂದೇ ಸಲ ತಳ್ಳಿದ್ದು ಕಣೇ ನಂಜಿ... ಒಂದೇ ಸಲ... ಮುಳುಗ್ತೀಯ ಅಂದ್ಕೊಂಡೆ... ರಾತ್ರಿಯೆಲ್ಲ ಕೂಗ್ತಾನೇ ಇದ್ದೆಯಲ್ಲ... ಅದ್ಕೇ ಕಲ್ಲು ಮುಚ್ಚಿದ್ದು..."

ಅದನ್ನು ಕೇಳಿದ ಮೇಲೆ ನನಗೆ ಬಾಗಿಲು ತೆಗೆಯುವ ಯೋಚನೆಯೇ ಬರಲಿಲ್ಲ. ಬೇಕಾದವರು ನನ್ನನ್ನು ಕಟುಕಿ ಅನ್ನಲಿ. ನಂಜಿ ಬಾವಿಯಲ್ಲಿ ಕೂಗಿದ ರಾತ್ರಿ ಎರಡು ಮನೆಯ ಆಚೆ ಜನ ಮಲಗಿದ್ದರು. ಆಗಲೂ ಬಡಿಯುತ್ತಿದ್ದ ಆ ಪ್ರೆಸ್ಸಿನ ಸದ್ದಿನಲ್ಲಿ ನನ್ನ ತಂಗಿಯ ಕೂಗು ಯಾರಿಗೂ ಕೇಳಿರಲಿಲ್ಲ. ಇವನ ಕೂಗು ನನಗೆ ಚೆನ್ನಾಗಿ ಕೇಳಿಸಿತು. ಪೂರ್ತಿ ಕೇಳಿದೆ.

ದಾನಿಯೇಲು ಕಣ್ಣು ಮುಚ್ಚಿಕೊಂಡು ತೆಲುಗಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ. ಲೂಕಾಸ್ ಅವನ ಭಾಷೆಯಲ್ಲಿ ಅಮ್ಮನನ್ನು ಕರೆದು ಅಳುತ್ತಿದ್ದ. ಒಳಗೆ ನೀರಿನ ಸದ್ದು, ಕೊಡ ಮುಳುಗಿಸಿದಂತೆ. ಬುಳ... ಬುಳ... ಆಮೇಲೆ ಅದೂ ನಿಂತಿತು.

ಕರೆಂಟು ಬಂತು. ಪ್ರೆಸ್ ಮತ್ತೆ ಢಬ್ ಅಂದಿತು. ನಾನು ಎದ್ದು ಮೂರು ಸಲ ತಟ್ಟಿ, "ಬರ್ತೀವಿ ಕಣವ್ವ," ಅಂತ ಕೂಗಿ, ತೆಗೆದೆ.

ಮುನಿರಾಜು ಗೋಡೆಗೆ ಒರಗಿ ಕೂತಿದ್ದ. ತಲೆಯಿಂದ ಕಾಲಿನವರೆಗೆ ಒದ್ದೆ. ಕಣ್ಣು ಬಿಟ್ಟಿತ್ತು, ಉಸಿರಿರಲಿಲ್ಲ. ನಾಲ್ಕೂ ಎಲೆ ಬಡಿಸಿದ್ದು ಬಡಿಸಿದಂತೆಯೇ ಇತ್ತು. ಮೂಲೆಯಲ್ಲಿ ಐದನೆಯ ಎಲೆ ಇತ್ತು. ಅದರಲ್ಲಿ ಯಾರೋ ಉಂಡು ಮುಗಿಸಿ, ಎಲೆ ಮಡಿಸಿದ್ದರು. ಹಿಂಬಾಗಿಲಿನ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು.

ಮೈ ಯಾಕೆ ಒದ್ದೆ ಅಂತ ಕೇಳಿದ್ದಕ್ಕೆ, ಎದೆನೋವು ಬಂದಾಗ ಬೆವರುತ್ತಾರೆ ಅಂದರು ಡಾಕ್ಟರು. ಬೆವರಿಗೆ ಪಾಚಿ ವಾಸನೆ ಇರುತ್ತದಾ? ಆ ಬಾವಿ ಬತ್ತಿ ಎಷ್ಟೋ ವರ್ಷವಾಗಿತ್ತು.

ತಿಥಿ ಕಳೆದ ಮೇಲೆ ಅವನ ಮಗ ಆಳುಗಳನ್ನು ಬಾವಿಗೆ ಇಳಿಸಿದ. ಒಣ ಮಣ್ಣು, ಒಂದು ತೂತು ಬಿಂದಿಗೆ ಸಿಕ್ಕವು. ಮೂಳೆ ಒಂದೂ ಇಲ್ಲ. ಅದೇ ನನಗೆ ಇವತ್ತಿಗೂ ನಿದ್ದೆ ಕೊಡದ ಮಾತು. ಸತ್ತವರಿಗೆ ವಯಸ್ಸಾಗುವುದಿಲ್ಲ. ನಂಜಿಯ ಕೂದಲು ಬೆಳ್ಳಗಾಗಿತ್ತು ಅಂದರೆ, ಅಷ್ಟು ವರ್ಷ ಅವಳು ಆ ಕಲ್ಲಿನ ಕೆಳಗೆ ಏನಾಗಿದ್ದಳು? ಈಗ ಎಲ್ಲಿದ್ದಾಳೆ? ಅಮಾವಾಸ್ಯೆ ಬಂದರೆ ನಾನೊಂದು ಎಲೆ ಹಾಕುತ್ತೇನೆ. ಬಾಗಿಲು ಹಾಕಿದ ಮೇಲೆ ಕಿವಿಗೆ ಸೆರಗು ತುರುಕಿಕೊಳ್ಳುತ್ತೇನೆ.

ಆ ರಾತ್ರಿ ಕಳೆದು ಬೆಳಗಾದಾಗ ಹೆಣ ಇನ್ನೂ ಜಗಲಿಯ ಮೇಲಿತ್ತು, ನಂಟರು ಬರುತ್ತಿದ್ದರು. ಲೂಕಾಸ್ ರಾತ್ರಿಯೆಲ್ಲ ಮಲಗಿರಲಿಲ್ಲ. ನನ್ನ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ.

"ಅಜ್ಜಿಯವರೇ, ನಾನು ಸಹಾಯ ಮಾಡಲಿಲ್ಲ. ಇದು ಪಾಪ ಅಲ್ಲವೇ?"

"ನೀನು ಮಾಡಾಗಿತ್ತು ಕಣಪ್ಪ, ಕಲ್ಲು ಸರಿಸ್ದಾಗ್ಲೇ," ಅಂದೆ. "ಆ ಶರ್ಟು ಬಿಚ್ಚಿ ಕೊಡು."

ಎದುರಿನ ವೆಲ್ಡಿಂಗ್ ಶಾಪಿನವರನ್ನು ಕರೆದು, ಆ ಚಪ್ಪಡಿಯನ್ನು ಎಳೆಸಿ ನನ್ನ ಹಿತ್ತಲಿಗೆ ತರಿಸಿದೆ. ನಲ್ಲಿಯ ಕೆಳಗೆ ಬಟ್ಟೆ ಒಗೆಯುವ ಕಲ್ಲಾಗಿ ಹಾಕಿಸಿದೆ. ಯಾರೂ ಅದನ್ನು ಎತ್ತಿ ಇನ್ನು ಯಾರ ಮೇಲೂ ಮುಚ್ಚಬಾರದು. ಸಾವಿನ ಮನೆಯಲ್ಲಿ ಇದೇನು ಕೆಲಸ ಅಂತ ನಂಟರು ಗೊಣಗಿದರು. ಗೊಣಗಲಿ ಬಿಡು ಅಂತ ಸುಮ್ಮನಾದೆ.

ಮೊದಲು ಒಗೆದದ್ದು ಲೂಕಾಸನ ಶರ್ಟು. ಪಾಚಿಯೆಲ್ಲ ಹೋಯಿತು, ಭುಜದ ಮೇಲಿನ ಐದು ಬೆರಳು ಮಾತ್ರ ಹೋಗಲಿಲ್ಲ. ಅದರ ಮೇಲೆ ನನ್ನ ಕೈ ಇಟ್ಟು ನೋಡಿದೆ. ಗಂಟುಗಂಟಾದ ನನ್ನ ಮುದಿ ಬೆರಳು ಒಂದೊಂದೂ ಅಳತೆ ತೆಗೆದಂತೆ ಕೂತವು.

ಕೈ ತೆಗೆದು, ಇನ್ನೊಂದು ಸಲ ಸೋಪು ಹಚ್ಚಿ, ಆ ಕಲ್ಲಿಗೆ ಎತ್ತಿ ಎತ್ತಿ ಬಡಿದೆ.