ಜಗಳ ಬಿಡಿಸುತ್ತಿದ್ದ ಗೋಪಾಲಮ್ಮ

ಯಲಹಂಕದ ಪಕ್ಕದ ಕೋಗಿಲಿನಲ್ಲಿ ನಮ್ಮ ಬೀದಿಗೆ ನೀರಿನ ಟ್ಯಾಂಕರ್ ಬಂತೆಂದರೆ ಜಗಳ ಗ್ಯಾರಂಟಿ. ಒಬ್ಬರ ಜುಟ್ಟಿಗೆ ಇನ್ನೊಬ್ಬರ ಕೈ ಹೋಗುವ ಹೊತ್ತಿಗೆ ಸರಿಯಾಗಿ ನನ್ನ ಹಿರಿಯ ವಾರಗಿತ್ತಿ ಗೋಪಾಲಮ್ಮ ನಡುವೆ ನುಗ್ಗುತ್ತಿದ್ದಳು. "ಸಾಕ್ ಬಿಡ್ರೇ! ಬೈದಿದ್ದಾಯ್ತು, ಇನ್ ನೀರ್ ಇಡ್ಕೊಳ್ರೇ!" ಅಲ್ಲಿಗೆ ಎಲ್ಲರೂ ಗಪ್‌ಚುಪ್.

ಮೊದಲೇ ಯಾಕೆ ಬಿಡಿಸಲ್ಲ ಅಂತ ನಾನು ರೇಗಿದರೆ ನಗುತ್ತಿದ್ದಳು. "ಒಸಿ ಕೂಗಾಡ್ಲಿ ಕಣೇ. ಇಲ್ದಿದ್ರೆ ಟ್ಯಾಂಕರ್‌ನೋನು ಅರ್ಧಕ್ಕೇ ಓಯ್ತಾನೆ. ಜಗಳ ಎಲ್ಲಿ ನಿಲ್ಲಿಸ್ಬೇಕು ಅಂತ ಒಬ್ರಿಗಾದ್ರೂ ಗೊತ್ತಿರ್ಬೇಕು, ಅಷ್ಟೇಯ."

2017ರ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಬಂತು. ಯಲಹಂಕದ ಡಾಕ್ಟರು ಒತ್ತಿ ಹೇಳಿದ್ದರು: "ಜ್ವರ ಬಿಟ್ಟ ಮೇಲೇ ಅಪಾಯ ಜಾಸ್ತಿ. ಬಿಟ್ಟ ದಿನಾನೇ ಬನ್ನಿ."

ನಮ್ಮ ಮನೆಗಳಲ್ಲಿ ಜ್ವರ ಬಿಟ್ಟರೆ ತಲೆಗೆ ನೀರು ಹಾಕಿ, ಮೆಣಸಿನ ಸಾರು ಅನ್ನ ಉಣ್ಣಿಸುತ್ತಾರೆ. ಅಲ್ಲಿಗೆ ಕಾಯಿಲೆ ಮುಗಿದಂತೆ. ಜ್ವರ ಬಿಟ್ಟ ಬೆಳಗ್ಗೆ ಗೋಪಾಲಮ್ಮ ತಾನೇ ಹಂಡೆಗೆ ಉರಿ ಹಾಕಿದಳು.

"ಅಕ್ಕಾ, ಡಾಕ್ಟ್ರು ಬರೋಕ್ ಯೋಳವ್ರೆ!" ಎಂದು ಕಿರುಚಿದೆ.

"ಬಿಟ್ಟೋಗಿರೋ ಜ್ವರಕ್ಕೆ ಯಾವ್ ಡಾಕ್ಟ್ರೇ?"

ಮೊಂಡಿ! ಸಂಜೆಗೆ ಹೊಟ್ಟೆನೋವು, ವಾಂತಿ. ಸಾರಿಗೆ ಖಾರ ಜಾಸ್ತಿಯಾಯ್ತು ಎಂದಳು. ಬೆಳಗಾಗುವಷ್ಟರಲ್ಲಿ ಕೈಕಾಲು ತಣ್ಣಗಾಗಿದ್ದವು. ಹೊತ್ತುಕೊಂಡೇ ಆಸ್ಪತ್ರೆಗೆ ಓಡಿದೆವು.

ಅಲ್ಲಿನ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. "ವೈರಸ್ ಹೆಚ್ಚುಕಮ್ಮಿ ಹೋಗಿದೆಯಮ್ಮ. ಅದನ್ನ ಹೊಡೆಯೋಕೆ ಎದ್ದ ಮೈಯೇ ಇನ್ನೂ ಸುಮ್ಮನಾಗಿಲ್ಲ. ಕೆಲಸ ಮುಗಿದ ಮೇಲೆ 'ಸಾಕು' ಅಂತ ತಡೆಯೋದೂ ಮೈಯೊಳಗೇ ಇರತ್ತೆ. ಇವರಲ್ಲಿ ಅದರ ಹಿಡಿತ ತಪ್ಪಿದೆ. ರಕ್ತನಾಳದಿಂದ ನೀರು ಸೋರ್ತಿದೆ. ನಿನ್ನೇನೇ ಬಂದಿದ್ರೆ ಡ್ರಿಪ್ ಕೊಟ್ಟು ದಾಟಿಸ್ಬಹುದಿತ್ತು. ಈಗ್ಲೂ ನೋಡ್ತೀವಿ."

ಎದ್ದ ಜಗಳವನ್ನು ನಿಲ್ಲಿಸುವುದು ನಮ್ಮಕ್ಕನಿಗೆ ಬರಲ್ಲವೇ? ನನಗೆ ನಂಬಲಾಗಲಿಲ್ಲ.

ಮಂಚದ ಪಕ್ಕದಲ್ಲೇ ಅವಳ ಮಕ್ಕಳು ಮುನೀಂದ್ರ, ಸುಬ್ರಮಣಿ ಕಚ್ಚಾಡತೊಡಗಿದರು. "ನಿನ್ನೆ ನೀನ್ಯಾಕೋ ಕರ್ಕೊಂಡ್ ಬರ್ಲಿಲ್ಲ?" "ನೀನೇನ್ ಕತ್ತೆ ಕಾಯ್ತಿದ್ದಾ?" ಗೋಪಾಲಮ್ಮ ಕಣ್ಣು ತೆರೆದಳು.

"ಸಾಕ್ ಬಿಡ್ರೋ."

ಇಬ್ಬರೂ ಬಾಯಿ ಮುಚ್ಚಿದರು. ಅವಳ ಮೈ ಮಾತ್ರ ಕೇಳಲಿಲ್ಲ. ಸಂಜೆ ಹೋಗಿಬಿಟ್ಟಳು. ಈಗಲೂ ನೆನೆದರೆ ಅವಳ ಮೇಲೆ ಸಿಟ್ಟು ಬರುತ್ತದೆ, ಹಿಂದೆಯೇ ಅಳು ಬರುತ್ತದೆ.

ತಿಥಿಯ ದಿನವೇ ಟ್ಯಾಂಕರ್ ಬಂತು. ಕೂಗಾಟ ಎದ್ದಿತು, ಜುಟ್ಟಿಗೆ ಕೈಯೂ ಹೋಯಿತು. ಹಿಡಿದವಳು ಹಿಡಿದಂತೆಯೇ ಒಂದು ಗಳಿಗೆ ನಿಂತು ಅಕ್ಕನ ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ. ಮತ್ತೆ ಹೊಡೆದಾಡಿದರು.